ಅಣುಬಾಂಬ್, ಮಹಾಶಕ್ತಿಗಳ ಪೈಪೋಟಿ ಮತ್ತು ವ್ಯಂಗ್ಯಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಶೀತಲ ಸಮರ, ಅಂದರೆ ಎರಡನೇ ಮಹಾಯುದ್ಧದ ಮೇಲೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನೇರವಾಗಿ ಕಾದಾಡದೆ ನಡೆಸಿದ ಪೈಪೋಟಿ. ಆ ಕಾಲದ ವ್ಯಂಗ್ಯಚಿತ್ರಗಳ ಬಗ್ಗೆ ಎಲ್ಲೇ ಮಾತು ಬಂದರೂ ಕೆಲವು ಪ್ರಶ್ನೆಗಳು ಎದುರಾಗೇ ಆಗುತ್ತವೆ. ಕೆಲವನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಕೆಲವು ಪತ್ರದಲ್ಲಿ ಬರುತ್ತವೆ, ಕೆಲವನ್ನು ಮೇಷ್ಟ್ರುಗಳೇ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ಜಾಸ್ತಿ ಯೋಚಿಸಬೇಕಾದ್ದು ಆಮೇಲೆ.

### ಮೊದಲಿಗೆ

ಅಣುಬಾಂಬ್ ಬಗ್ಗೆ ಕಾರ್ಟೂನ್ ಬರೆಯೋದು ಯಾವಾಗ ಶುರುವಾಯ್ತು?

ಬಾಂಬ್ ಬಿದ್ದ ವಾರದಲ್ಲೇ. 1945ರ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ. ಅದೇ 9ರಂದು ಲಂಡನ್ನಿನ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಡೇವಿಡ್ ಲೋ ಅವರ ಚಿತ್ರ ಬಂತು. ವಿಜ್ಞಾನಿಯೊಬ್ಬ ಒಂದು ಪುಟ್ಟ ಮಗುವಿನ ಮುಂದೆ ಚೆಂಡು ಚಾಚಿದ್ದಾನೆ. ಮಗು ಅಂದರೆ ಮನುಕುಲ. ಚೆಂಡು ಅಂದರೆ ಪರಮಾಣು, ಅದರಲ್ಲಿ ಜೀವವೂ ಇದೆ, ಸಾವೂ ಇದೆ. ‘ಪಾಪು, ಚೆಂದದ ಚೆಂಡು, ಆಡ್ತೀಯಾ?’ ಅನ್ನುವಂಥ ಅಡಿಬರಹ.

ಆಗಿನ್ನೂ ಯುದ್ಧವೇ ಮುಗಿದಿರಲಿಲ್ಲ. ಲೋ ಹಿಟ್ಲರನನ್ನು ವರ್ಷಗಟ್ಟಲೆ ಬಿಡದೆ ತಿವಿದವರು, ಮಿತ್ರರಾಷ್ಟ್ರಗಳು ಗೆಲ್ಲಲಿ ಅಂತ ಹಾರೈಸಿದವರು. ಅಂಥವರು ಗೆಲುವಿನ ಹೊಸ್ತಿಲಲ್ಲಿ ನಿಂತು ಸಂಭ್ರಮದ ಚಿತ್ರ ಬರೆಯಲಿಲ್ಲ, ಮಗುವಿನ ಕೈಗೆ ಏನು ಕೊಡುತ್ತಿದ್ದೇವೆ ನೋಡಿ ಅಂದರು. ಮುಂದಿನ ಎಂಬತ್ತು ವರ್ಷದ ಎಷ್ಟೋ ಚಿತ್ರಗಳ ಬೀಜ ಇದರಲ್ಲಿದೆ.

ಲಕ್ಷಗಟ್ಟಲೆ ಜನ ಸತ್ತ ವಿಷಯ ಇದು. ಇದರಲ್ಲಿ ನಗೋದಕ್ಕೆ ಏನಿದೆ?

ಏನೂ ಇಲ್ಲ. 1945 ಮುಗಿಯುವಷ್ಟರಲ್ಲಿ ಹಿರೋಷಿಮಾ ಒಂದರಲ್ಲೇ ಸುಮಾರು 1,40,000 ಜನ ಸತ್ತಿದ್ದರು ಅಂತ ಅಂದಾಜು. ಒಳ್ಳೆಯ ಕಾರ್ಟೂನಿಸ್ಟ್‌ಗಳು ಈ ಸಾವನ್ನು ಗೇಲಿ ಮಾಡಿಲ್ಲ. ಬಾಂಬನ್ನು ಮಾಮೂಲಿ ವಸ್ತು ಅಂತ ಮಾತಾಡುವ ನಾಯಕರನ್ನು, ಲೆಕ್ಕಾಚಾರಗಳನ್ನು ಗೇಲಿ ಮಾಡಿದ್ದಾರೆ. ಲೋ ಅವರ ಮಗುವಿನ ಚಿತ್ರ ನೋಡಿ ಯಾರೂ ನಗುವುದಿಲ್ಲ, ಅಲ್ವಾ? ವ್ಯಂಗ್ಯಚಿತ್ರ ಅಂದರೆ ನಗಿಸಲೇಬೇಕು ಅಂತ ನಿಯಮ ಇಲ್ಲ.

ಬಾಂಬನ್ನು ಮೈಮೇಲೆ ಅನುಭವಿಸಿದವರೂ ಚಿತ್ರ ಬರೆದಿದ್ದಾರೆ. ಕೇಜಿ ನಕಜಾವಾ ಹಿರೋಷಿಮಾದ ಹುಡುಗ. ಬಾಂಬ್ ಬಿದ್ದಾಗ ಅವರಿಗೆ ಆರು ವರ್ಷ. ಅಪ್ಪ, ಅಕ್ಕ, ತಮ್ಮ ಅಂದೇ ಹೋದರು. 1973ರಲ್ಲಿ ಅವರು ಅದನ್ನೇ ಮಕ್ಕಳ ಚಿತ್ರಕಥೆಯಾಗಿ ಬರೆಯಲು ಶುರು ಮಾಡಿದರು. ಅದು ರಾಜಕೀಯ ಕಾರ್ಟೂನ್ ಅಲ್ಲ ನಿಜ. ಆದರೆ ಮಹಾಶಕ್ತಿಗಳ ಪೈಪೋಟಿಯ ಚಿತ್ರಗಳನ್ನು ನೋಡುವವರು ಕೆಳಗಿನಿಂದ ಆಕಾಶ ನೋಡಿದವರ ಚಿತ್ರವನ್ನೂ ಒಮ್ಮೆ ನೋಡಬೇಕು ಅಂತ ನನ್ನ ಆಸೆ.

ರಷ್ಯಾ ಅಂದ್ರೆ ಕರಡಿ, ಅಮೆರಿಕ ಅಂದ್ರೆ ಮೇಕೆ ಗಡ್ಡದ ಮುದುಕ. ಇದು ಎಲ್ಲಿಂದ ಬಂತು?

ಎರಡೂ ಶೀತಲ ಸಮರಕ್ಕಿಂತ ಹಳೆಯವು. ಕರಡಿ ಬ್ರಿಟಿಷ್ ಪತ್ರಿಕೆಗಳಲ್ಲಿ 19ನೇ ಶತಮಾನದಲ್ಲೇ ಓಡಾಡಿಕೊಂಡಿತ್ತು. 1878ರಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ಚಿತ್ರದಲ್ಲಿ ಅಫ್ಘಾನಿಸ್ತಾನದ ಅಮೀರ ರಷ್ಯಾದ ಕರಡಿ ಮತ್ತು ಬ್ರಿಟನ್ನಿನ ಸಿಂಹದ ನಡುವೆ ಸಿಕ್ಕಿಕೊಂಡು ನಿಂತಿದ್ದಾನೆ. ಅಂಕಲ್ ಸ್ಯಾಮ್ ಕೂಡ ಅದೇ ಶತಮಾನದವನು. 1945ರ ಮೇಲೆ ಬಂದ ಕಾರ್ಟೂನಿಸ್ಟ್‌ಗಳಿಗೆ ಪಾತ್ರಗಳು ಸಿದ್ಧವಾಗಿದ್ದವು. ಅವರು ಸೇರಿಸಿದ್ದು ಅಣಬೆ ಮೋಡ, ಕ್ಷಿಪಣಿ ಮತ್ತು ಒತ್ತಿದರೆ ಬಾಂಬ್ ಹಾರುವ ಗುಂಡಿ.

ನಿಜವಾಗಲೂ ಒಂದು ಕೆಂಪು ಗುಂಡಿ ಇದೆಯಾ?

ಇಲ್ಲ. ಅಮೆರಿಕದ ಅಧ್ಯಕ್ಷರ ಜೊತೆ ಸದಾ ಒಂದು ಬ್ಯಾಗ್ ಇರುತ್ತದೆ. ಅದರಲ್ಲಿ ದಾಳಿಯ ಆಯ್ಕೆಗಳ ಕಡತ, ಸಂಪರ್ಕದ ವ್ಯವಸ್ಥೆ ಇರುತ್ತವೆ. ಆಜ್ಞೆ ಕೊಡುತ್ತಿರುವುದು ಅವರೇ ಅಂತ ಖಾತ್ರಿ ಮಾಡುವ ಸಂಕೇತದ ಕಾರ್ಡ್ ಬೇರೆ. ಆಜ್ಞೆ ಹಲವು ಕೈ ದಾಟಿ ಹೋಗಬೇಕು. ಕೆಂಪು ಫೋನಿನ ಕಥೆಯೂ ಹಾಗೇ. 1963ರಲ್ಲಿ ವಾಷಿಂಗ್ಟನ್–ಮಾಸ್ಕೋ ನಡುವೆ ಹಾಕಿದ ನೇರ ಸಂಪರ್ಕದಲ್ಲಿ ಫೋನೇ ಇರಲಿಲ್ಲ. ಅದು ಟೆಲಿಪ್ರಿಂಟರ್, ಅಕ್ಷರ ಟೈಪಾಗಿ ಬರುವ ಯಂತ್ರ. ಆದರೆ ಬ್ಯಾಗು, ಕಾರ್ಡು, ಟೆಲಿಪ್ರಿಂಟರ್ ಬರೆದರೆ ಓದುಗರಿಗೆ ಭಯ ಹುಟ್ಟುವುದಿಲ್ಲ. ಗುಂಡಿ ಮೇಲೆ ಒಂದು ಬೆರಳು ಬರೆದರೆ ಸಾಕು, ಇಷ್ಟೆಲ್ಲ ಒಬ್ಬ ಮನುಷ್ಯನ ಕೈಯಲ್ಲಿದೆ ಅನ್ನುವುದು ತಟ್ಟನೆ ಹೊಳೆಯುತ್ತದೆ. ಆ ಮಾತು ಸುಳ್ಳಲ್ಲ.

### ಹೆಸರಾದ ಚಿತ್ರಗಳು

ಕೆನಡಿ ಮತ್ತು ಕ್ರುಶ್ಚೇವ್ ಪಂಜಕುಸ್ತಿ ಆಡೋ ಚಿತ್ರ ಯಾರದು? ಅದಕ್ಕೆ ಯಾಕೆ ಅಷ್ಟು ಹೆಸರು?

ಅದು ವೇಲ್ಸ್‌ನ ಲೆಸ್ಲಿ ಇಲಿಂಗ್‌ವರ್ತ್ ಅವರದು. 1962ರ ಅಕ್ಟೋಬರ್ 29ರ ‘ಡೈಲಿ ಮೇಲ್’ನಲ್ಲಿ ಬಂತು. ಸೋವಿಯತ್ ಒಕ್ಕೂಟ ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟದ್ದರಿಂದ ಆ ತಿಂಗಳು ಅಮೆರಿಕದ ಅಧ್ಯಕ್ಷ ಕೆನಡಿಗೂ ಸೋವಿಯತ್ ನಾಯಕ ಕ್ರುಶ್ಚೇವ್‌ಗೂ ಬಿಕ್ಕಟ್ಟು ಎದ್ದಿತ್ತು. ಆ ಕ್ಷಿಪಣಿ ವಾಪಸ್ ತೆಗೆಯುತ್ತೇವೆ ಅಂತ ಕ್ರುಶ್ಚೇವ್ ಘೋಷಿಸಿದ್ದು ಚಿತ್ರ ಬರುವ ಹಿಂದಿನ ದಿನ, 28ಕ್ಕೆ.

ಚಿತ್ರ ಹೀಗಿದೆ. ಇಬ್ಬರೂ ಮೇಜಿನ ಆಚೆ ಈಚೆ ಕೂತು ಪಂಜಕುಸ್ತಿಗೆ ಕೈ ಕೊಟ್ಟಿದ್ದಾರೆ. ಕೂತಿರುವುದು ಕುರ್ಚಿ ಮೇಲಲ್ಲ, ಹೈಡ್ರೋಜನ್ ಬಾಂಬ್ ಮೇಲೆ. ಒಂದು ಕೈ ಕುಸ್ತಿಯಲ್ಲಿದೆ, ಇನ್ನೊಂದು ಕೈಯ ಬೆರಳು ಗುಂಡಿಯ ಮೇಲಿದೆ. ಬೆವರು ಹನಿಯುತ್ತಿದೆ.

ಇದರ ಜಾಣತನ ಎಲ್ಲಿದೆ ಅಂದರೆ, ಕಣ್ಣು ಮೊದಲು ಹೋಗುವುದು ಕುಸ್ತಿಯ ಕೈಗಳ ಕಡೆಗೆ. ಯಾರು ಗೆಲ್ಲುತ್ತಾರೆ ಅಂತ ನೋಡುತ್ತೇವೆ. ಅದು ಪತ್ರಿಕೆಯ ತಲೆಬರಹ ಓದುವ ರೀತಿ. ಆಮೇಲೆ ಕಣ್ಣು ಇನ್ನೊಂದು ಕೈಗೆ ಇಳಿಯುತ್ತದೆ. ಅಷ್ಟರಲ್ಲಿ ಗೆಲ್ಲುವ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಒಬ್ಬ ಗೆದ್ದ ಕ್ಷಣಕ್ಕೇ ಇನ್ನೊಬ್ಬ ಗುಂಡಿ ಒತ್ತಬಹುದು. ಬಿಕ್ಕಟ್ಟು ಇಳಿಯಿತು ಅಂತ ಲೋಕ ಉಸಿರು ಬಿಡುತ್ತಿದ್ದ ದಿನ ಈ ಚಿತ್ರ ಬಂತು ಅನ್ನುವುದನ್ನು ಮರೆಯಬೇಡಿ. ಕ್ಯೂಬಾದ ಗಲಾಟೆ ಮುಗಿದರೂ ಕೂತ ಜಾಗದಿಂದ ಇಬ್ಬರೂ ಎದ್ದಿಲ್ಲ ಅನ್ನುತ್ತದೆ ಅದು.

ನನಗೆ ಇದರಲ್ಲಿ ಕಾಣುವ ಒಂದೇ ಕೊರತೆ ಅಂದರೆ ಚಿತ್ರದಲ್ಲಿ ಮೂರನೆಯವರು ಯಾರೂ ಇಲ್ಲ. ಯಾರ ನೆಲದ ಮೇಲೆ ಕ್ಷಿಪಣಿ ಇತ್ತೋ ಆ ಕ್ಯೂಬಾದವರೂ ಇಲ್ಲ, ನಾವೂ ಇಲ್ಲ.

ಒಂದೇ ಒಂದು ಚಿತ್ರ ತೋರಿಸಿ ಅಂದ್ರೆ ಯಾವುದನ್ನ ತೋರಿಸ್ತೀರಿ?

ರೂಬ್ ಗೋಲ್ಡ್‌ಬರ್ಗ್ 1947ರಲ್ಲಿ ‘ನ್ಯೂಯಾರ್ಕ್ ಸನ್’ ಪತ್ರಿಕೆಗೆ ಬರೆದದ್ದನ್ನು. ಹೆಸರು ‘ಇಂದಿನ ಶಾಂತಿ’. ಅಮೆರಿಕದ ಪತ್ರಿಕಾರಂಗದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ 1948ರಲ್ಲಿ ಅದಕ್ಕೇ ಬಂತು. ಒಂದು ದೊಡ್ಡ ಅಣುಬಾಂಬ್ ಪ್ರಪಾತದ ಅಂಚಿನಲ್ಲಿ ಓಲಾಡುತ್ತಾ ನಿಂತಿದೆ. ಒಂದು ಕಡೆ ‘ಜಾಗತಿಕ ನಿಯಂತ್ರಣ’, ಇನ್ನೊಂದು ಕಡೆ ‘ಜಾಗತಿಕ ವಿನಾಶ’ ಅಂತ ಬರೆದಿದೆ. ಬಾಂಬಿನ ತುದಿಯಲ್ಲಿ ಏನಿದೆ? ಒಂದು ಮನೆ. ಮನೆ ಮುಂದೆ ಆರಾಮಾಗಿ ಕೂತಿರುವ ಒಂದು ಸಂಸಾರ.

ಗೋಲ್ಡ್‌ಬರ್ಗ್ ಓದಿದ್ದು ಎಂಜಿನಿಯರಿಂಗ್. ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು–ಚರಂಡಿ ವಿಭಾಗದಲ್ಲಿ ಸ್ವಲ್ಪ ಕಾಲ ಕೆಲಸವನ್ನೂ ಮಾಡಿದ್ದರು. ಹೆಸರು ಬಂದದ್ದು ಸಣ್ಣ ಕೆಲಸಕ್ಕೆ ಹತ್ತಾರು ಸನ್ನೆ, ಹಗ್ಗ, ಗಾಲಿ ಬೇಕಾಗುವ ವಿಚಿತ್ರ ಯಂತ್ರಗಳ ಚಿತ್ರದಿಂದ. ಈ ಚಿತ್ರದಲ್ಲಿ ಯಂತ್ರವೇ ಇಲ್ಲ. ಇರುವುದು ಒಂದು ಬಾಂಬ್, ಒಂದು ಅಂಚು, ಒಂದು ಮನೆ. ಯಾವ ನಾಯಕನ ಮುಖವೂ ಇಲ್ಲ, ಯಾವ ದೇಶದ ಬಾವುಟವೂ ಇಲ್ಲ. ಆಗ ಬಾಂಬ್ ಇದ್ದದ್ದು ಅಮೆರಿಕದ ಹತ್ತಿರ ಮಾತ್ರ. ಸೋವಿಯತ್ ಒಕ್ಕೂಟದ ಮೊದಲ ಪರೀಕ್ಷೆ ಆದದ್ದು 1949ರ ಆಗಸ್ಟ್‌ನಲ್ಲಿ. ಅಂದರೆ ನಮ್ಮ ಕೈಯಲ್ಲಿದೆ, ಭಯವಿಲ್ಲ ಅಂತ ಅಮೆರಿಕದವರು ಅಂದುಕೊಂಡಿದ್ದ ದಿನಗಳಲ್ಲೇ ಒಬ್ಬ ಅಮೆರಿಕನ್ ಈ ಚಿತ್ರ ಬರೆದರು.

ಈ ಚಿತ್ರದಿಂದ ನಾನು ಒಂದು ಅಭ್ಯಾಸ ಕಲಿತೆ. ಅಣುಬಾಂಬಿನ ಯಾವ ಕಾರ್ಟೂನ್ ಸಿಕ್ಕರೂ ಮೊದಲು ನಾಯಕರನ್ನು ನೋಡುವುದಿಲ್ಲ. ಇದರಲ್ಲಿ ಸಾಮಾನ್ಯ ಜನ ಎಲ್ಲಿದ್ದಾರೆ ಅಂತ ಹುಡುಕುತ್ತೇನೆ. ಬಾಂಬಿನ ಮೇಲಿದ್ದಾರಾ, ಕೆಳಗಿದ್ದಾರಾ, ದೂರದಲ್ಲಿ ಚುಕ್ಕೆಯಾಗಿದ್ದಾರಾ, ಇಲ್ಲವೇ ಇಲ್ಲವಾ? ಬರೆದವರು ಯಾರ ಪರ ನಿಂತಿದ್ದಾರೆ ಅನ್ನುವುದು ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ.

‘ಮಧ್ಯರಾತ್ರಿಗೆ ಇಷ್ಟು ಸೆಕೆಂಡ್ ಬಾಕಿ’ ಅಂತ ಸುದ್ದಿ ಬರುತ್ತಲ್ಲ, ಆ ಗಡಿಯಾರಾನೂ ಕಾರ್ಟೂನಾ?

ಕಾರ್ಟೂನ್ ಅಲ್ಲ, ಒಂದು ಪತ್ರಿಕೆಯ ಮುಖಪುಟ. ಅದರಲ್ಲಿ ಮಧ್ಯರಾತ್ರಿ ಅಂದರೆ ಲೋಕದ ವಿನಾಶ. ಅಮೆರಿಕದ ಅಣುವಿಜ್ಞಾನಿಗಳ ‘ಬುಲೆಟಿನ್’ಗೆ 1947ರಲ್ಲಿ ಕಲಾವಿದೆ ಮಾರ್ಟಿಲ್ ಲ್ಯಾಂಗ್ಸ್‌ಡಾರ್ಫ್ ಬರೆದದ್ದು. ಅವರ ಗಂಡ ಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿದ್ದ ಭೌತವಿಜ್ಞಾನಿ. ಏಳು ನಿಮಿಷ ಬಾಕಿ ಅಂತ ಮುಳ್ಳು ಇಟ್ಟದ್ದಕ್ಕೆ ಕಾರಣ, ಕಣ್ಣಿಗೆ ಹಾಗೆ ಚೆನ್ನಾಗಿ ಕಂಡಿತು ಅಷ್ಟೇ. ಆಮೇಲೆ ಮುಳ್ಳು ಹಿಂದೆ ಮುಂದೆ ಹೋಗತೊಡಗಿತು. 1953ರಲ್ಲಿ 2 ನಿಮಿಷ, 1991ರಲ್ಲಿ 17 ನಿಮಿಷ, 2025ರ ಜನವರಿಯಲ್ಲಿ 89 ಸೆಕೆಂಡ್. ಲೋಕದ ಎಲ್ಲ ಕಡೆಯ ಕಾರ್ಟೂನಿಸ್ಟ್‌ಗಳು ಈ ಗಡಿಯಾರವನ್ನು ಎತ್ತಿಕೊಂಡಿದ್ದಾರೆ.

### ಎರಡು ಕಡೆಯ ಪತ್ರಿಕೆಗಳು

ನಮಗೆ ಸಿಗೋದೆಲ್ಲ ಇಂಗ್ಲಿಷ್ ಪತ್ರಿಕೆಯವು. ರಷ್ಯಾದವರು ಬರೀತಿರಲಿಲ್ವಾ?

ಧಾರಾಳವಾಗಿ ಬರೆಯುತ್ತಿದ್ದರು. 1922ರಲ್ಲಿ ಶುರುವಾದ ‘ಕ್ರೊಕೊಡಿಲ್’ ಎಂಬ ವ್ಯಂಗ್ಯ ಪತ್ರಿಕೆ ಲಕ್ಷಗಟ್ಟಲೆ ಪ್ರತಿ ಹೋಗುತ್ತಿತ್ತು. ಕುಪ್ರಿಯಾನೊವ್, ಕ್ರಿಲೊವ್, ಸೊಕೊಲೊವ್ ಎಂಬ ಮೂವರು ಸೇರಿ ‘ಕುಕ್ರಿನಿಕ್ಸಿ’ ಅಂತ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು. ಕೈಚಳಕದಲ್ಲಿ ಇವರು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಇವರ ಚಿತ್ರಗಳಲ್ಲಿ ಬಾಂಬ್ ಯಾವಾಗಲೂ ಎದುರಿನವರ ಕೈಯಲ್ಲೇ ಇರುತ್ತದೆ. ಅಂಕಲ್ ಸ್ಯಾಮ್ ಬಾಂಬ್ ಹಿಡಿದಿರುತ್ತಾನೆ, ಪಕ್ಕದಲ್ಲಿ ದುಡ್ಡಿನ ಚೀಲ ಇರುತ್ತದೆ. ಸೋವಿಯತ್ ಕಡೆ ಪಾರಿವಾಳ ಇರುತ್ತದೆ. ತಮ್ಮ ದೇಶದ ಬಾಂಬ್, ತಮ್ಮ ಅಧಿಕಾರದಲ್ಲಿದ್ದ ನಾಯಕರ ಮುಖ, ಎರಡನ್ನೂ ಮುಟ್ಟುವ ಹಾಗಿರಲಿಲ್ಲ.

ಸೋವಿಯತ್ ಕಾರ್ಟೂನಿಸ್ಟ್ ಬೋರಿಸ್ ಯೆಫಿಮೊವ್ ಹೇಳಿಕೊಂಡ ಒಂದು ಘಟನೆ ಕೇಳಿ. 1947ರಲ್ಲಿ ಸ್ಟಾಲಿನ್‌ಗೆ ಒಂದು ಕಾರ್ಟೂನ್ ಬೇಕಾಯಿತು. ಅಮೆರಿಕದ ಜನರಲ್ ಐಸೆನ್‌ಹೋವರ್ ದೊಡ್ಡ ಸೈನ್ಯ ಕಟ್ಟಿಕೊಂಡು ಉತ್ತರ ಧ್ರುವಕ್ಕೆ ನುಗ್ಗುತ್ತಿರಬೇಕು, ಅಲ್ಲಿ ಶತ್ರುವಿನ ಬದಲು ಹಿಮದ ಮೇಲಿನ ಪಾಪದ ಜನ ಇರಬೇಕು. ಏನು ಬರೆಯಬೇಕು ಅನ್ನುವುದು ಮೇಲಿನಿಂದ ಬಂತು. ಸ್ಟಾಲಿನ್ ಸ್ವತಃ ಫೋನ್ ಮಾಡಿದರು. ಚಿತ್ರ ಹೋದ ಮೇಲೆ ಅಡಿಬರಹವನ್ನು ತಮ್ಮ ಕೈಯಾರೆ ತಿದ್ದಿದರು. ಯೆಫಿಮೊವ್ ಅವರ ಅಣ್ಣ, ಪತ್ರಕರ್ತ ಮಿಖಾಯಿಲ್ ಕೊಲ್ತ್ಸೊವ್‌ರನ್ನು ಇದೇ ಸ್ಟಾಲಿನ್ ಆಡಳಿತ 1940ರಲ್ಲಿ ಗುಂಡಿಟ್ಟು ಕೊಂದಿತ್ತು. ಅಂಥ ಫೋನ್ ಬಂದಾಗ ಆ ಮನುಷ್ಯನ ಕೈ ಹೇಗೆ ನಡುಗಿರಬೇಕು! ಸೋವಿಯತ್ ಕಾರ್ಟೂನ್ ನೋಡಿ ‘ಬರೀ ಪ್ರಚಾರ’ ಅಂತ ತಳ್ಳಿಹಾಕುವ ಮುಂಚೆ ಇದನ್ನು ನೆನೆಯಬೇಕು ಅನಿಸುತ್ತದೆ. ಯೆಫಿಮೊವ್ 2008ರವರೆಗೆ, ನೂರು ವರ್ಷ ದಾಟಿ ಬದುಕಿದರು.

ಹಾಗಾದ್ರೆ ಅಮೆರಿಕದವರಿಗೆ ಪೂರ್ತಿ ಸ್ವಾತಂತ್ರ್ಯ ಇತ್ತು ಅಂತಾನಾ?

ತುಂಬಾ ಜಾಸ್ತಿ ಇತ್ತು, ಪೂರ್ತಿ ಅಲ್ಲ. ಹರ್ಬ್ಲಾಕ್ ಅಂತ ಸಹಿ ಹಾಕುತ್ತಿದ್ದ ಹರ್ಬರ್ಟ್ ಬ್ಲಾಕ್ ಅವರನ್ನೇ ನೋಡಿ. ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಅವರು ಬಾಂಬಿಗೇ ಮೈ, ಮುಖ ಕೊಟ್ಟು ‘ಮಿಸ್ಟರ್ ಆ್ಯಟಮ್’ ಎಂಬ ಪಾತ್ರ ಮಾಡಿದರು. 1956ರಲ್ಲಿ ವಿದೇಶಾಂಗ ಸಚಿವ ಡಲ್ಲೆಸ್ ಯುದ್ಧದ ಅಂಚಿನವರೆಗೂ ಹೋಗಿ ಬರುವುದು ಒಂದು ಕಲೆ ಎಂಬಂತೆ ಮಾತಾಡಿದರು. ಹರ್ಬ್ಲಾಕ್ ಆ ಡಲ್ಲೆಸ್‌ಗೆ ಸೂಪರ್‌ಮ್ಯಾನ್ ವೇಷ ಹಾಕಿ, ಅಂಕಲ್ ಸ್ಯಾಮ್‌ನನ್ನು ಪ್ರಪಾತದ ಅಂಚಿಗೆ ತಳ್ಳುತ್ತಾ ‘ಹೆದರಬೇಡ, ಯಾವಾಗ ಬೇಕಾದ್ರೂ ಹಿಂದಕ್ಕೆ ಎಳ್ಕೋತೀನಿ’ ಅನ್ನುವ ಹಾಗೆ ಬರೆದರು. ಅಧಿಕಾರದಲ್ಲಿರುವ ಸಚಿವರ ಬಗ್ಗೆ, ದೇಶದ ರಾಜಧಾನಿಯ ಪತ್ರಿಕೆಯಲ್ಲಿ. ಮಾಸ್ಕೋದಲ್ಲಿ ಇದು ಕನಸಿನ ಮಾತು.

ಆದರೂ 1952ರ ಚುನಾವಣೆಯಲ್ಲಿ ಪತ್ರಿಕೆ ಐಸೆನ್‌ಹೋವರ್ ಪರ ನಿಂತಿತ್ತು, ಹರ್ಬ್ಲಾಕ್ ಎದುರಾಳಿ ಸ್ಟೀವನ್‌ಸನ್ ಪರ ಬರೆಯುತ್ತಿದ್ದರು. ಕೊನೆಯ ದಿನಗಳಲ್ಲಿ ಪತ್ರಿಕೆ ಅವರ ಕಾರ್ಟೂನ್ ನಿಲ್ಲಿಸಿತು. ಓದುಗರು ಗಲಾಟೆ ಮಾಡಿದ ಮೇಲೆ ವಾಪಸ್ ಬಂತು. ಈ ‘ವಾಪಸ್ ಬಂತು’ ಅನ್ನುವುದರಲ್ಲೇ ಎರಡು ವ್ಯವಸ್ಥೆಗಳ ನಿಜವಾದ ವ್ಯತ್ಯಾಸ ಇದೆ.

ನಮ್ಮ ದೇಶದವರು ಇದರ ಬಗ್ಗೆ ಬರೆದ್ರಾ? ಕನ್ನಡಕ್ಕೆ ಏನಾದ್ರೂ ನಂಟಿದೆಯಾ?

ನಂಟು ಇದೆ, ಅದೂ ಡೇವಿಡ್ ಲೋ ಮೂಲಕ. ಮೈಸೂರಿನಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬ ‘ದಿ ಹಿಂದೂ’ ಪತ್ರಿಕೆಯಲ್ಲಿ ಮರುಮುದ್ರಣವಾಗುತ್ತಿದ್ದ ಲೋ ಅವರ ಚಿತ್ರಗಳನ್ನು ಕಣ್ಣರಳಿಸಿ ನೋಡುತ್ತಿದ್ದ. ಸಹಿಯನ್ನು ‘ಕೌ’ ಅಂತ ಬಹಳ ದಿನ ಓದಿಕೊಂಡಿದ್ದನಂತೆ. ಆ ಹುಡುಗನೇ ಆರ್.ಕೆ. ಲಕ್ಷ್ಮಣ್. ಮಹಾರಾಜ ಕಾಲೇಜಿನಲ್ಲಿ ಓದುವ ಕಾಲದಲ್ಲೇ ಅವರು ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದರು. ಮುಂದೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ 1951ರಿಂದ ಅವರ ‘ಕಾಮನ್ ಮ್ಯಾನ್’ ಬಂದ. ಚೌಕಳಿ ಕೋಟು, ಪಂಚೆ, ಬಾಯಿಬಿಡದ ಮನುಷ್ಯ. ನಾಯಕರ ಪಕ್ಕದಲ್ಲೇ ಜನಸಾಮಾನ್ಯನನ್ನು ಖಾಯಂ ಆಗಿ ನಿಲ್ಲಿಸಿದ್ದು ಲಕ್ಷ್ಮಣ್ ಅವರ ದೊಡ್ಡ ಕೊಡುಗೆ. ಇಲಿಂಗ್‌ವರ್ತ್ ಚಿತ್ರದಲ್ಲಿ ಇಲ್ಲದ ಮೂರನೆಯವನು ಇಲ್ಲಿ ದಿನಾ ಇರುತ್ತಾನೆ.

ಇನ್ನೊಂದು ವಿಷಯ ಗಮನಿಸಿ. ಕ್ಯೂಬಾ ಬಿಕ್ಕಟ್ಟು ನಡೆದ ದಿನಗಳಲ್ಲೇ, 1962ರ ಅಕ್ಟೋಬರ್ 20ರಂದು, ಚೀನಾ ನಮ್ಮ ಗಡಿ ದಾಟಿ ಬಂತು. ಇಲ್ಲಿನ ಓದುಗರ ಕಣ್ಣು ಹಿಮಾಲಯದ ಮೇಲಿತ್ತು. 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ಮೇಲೆ ಬಿದ್ದಾಗ ‘ಪರೀಕ್ಷೆ ನಿಲ್ಲಿಸಿ’ ಅಂತ ಲೋಕಸಭೆಯಲ್ಲಿ ಮಾತಾಡಿದ್ದ ನೆಹರೂ ಅವರ ದೇಶ, 1974ರ ಮೇ 18ರಂದು ಪೋಖ್ರಾನಿನಲ್ಲಿ ತಾನೇ ಸ್ಫೋಟ ನಡೆಸಿತು. 1998ರ ಮೇನಲ್ಲಿ ಮತ್ತೆ ನಡೆಸಿತು, ಅದೇ ತಿಂಗಳು ಪಾಕಿಸ್ತಾನವೂ ನಡೆಸಿತು. ಅಲ್ಲಿಂದ ಮುಂದೆ ನಮ್ಮ ಕಾರ್ಟೂನಿಸ್ಟ್‌ಗಳು ದೂರದಲ್ಲಿ ನಿಂತು ನೋಡುವವರಾಗಿ ಉಳಿಯಲಿಲ್ಲ. ಬೇರೆಯವರ ಬಾಂಬನ್ನು ಬೈಯುವುದು ಸುಲಭ. ಮನೆ ಬಾಂಬಿನ ಬಗ್ಗೆ ಬರೆಯುವಾಗಲೇ ಬರೆಯುವವರ ಗಟ್ಟಿತನ ಗೊತ್ತಾಗುವುದು.

### ಇನ್ನೂ ಆಳಕ್ಕೆ

ಕಾರ್ಟೂನನ್ನ ಇತಿಹಾಸಕ್ಕೆ ಸಾಕ್ಷಿ ಅಂತ ಬಳಸಬಹುದಾ? ತಪ್ಪು ಹೇಳಿದ್ದು ಉಂಟಾ?

ಬಳಸಬಹುದು, ಆದರೆ ಏನು ನಡೆಯಿತು ಅನ್ನುವುದಕ್ಕಲ್ಲ. ಆ ದಿನ ಓದುಗರಿಗೆ ಏನು ಗೊತ್ತಿತ್ತು, ಏನು ಅನಿಸಿತ್ತು ಅನ್ನುವುದಕ್ಕೆ.

ಒಂದು ಉದಾಹರಣೆ. 1962ರ ಅಕ್ಟೋಬರ್ 30ರಂದು ‘ಹಾರ್ಟ್‌ಫರ್ಡ್ ಟೈಮ್ಸ್’ನಲ್ಲಿ ಎಡ್ಮಂಡ್ ವಾಲ್ಟ್‌ಮನ್ ಅವರ ಚಿತ್ರ ಬಂತು. ಕ್ರುಶ್ಚೇವ್ ಹಲ್ಲಿನ ಡಾಕ್ಟರ್. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿರುವುದು ಕ್ಯೂಬಾದ ನಾಯಕ ಕ್ಯಾಸ್ಟ್ರೊ. ಇಕ್ಕಳದಲ್ಲಿ ಕೀಳುತ್ತಿರುವ ಹಲ್ಲುಗಳು ಕ್ಷಿಪಣಿಗಳು. ‘ನಿನಗಿಂತ ನನಗೇ ಜಾಸ್ತಿ ನೋವು’ ಅನ್ನುತ್ತಿದ್ದಾನೆ ಡಾಕ್ಟರ್. ಚಿತ್ರ ನೋಡಿದರೆ ಸೋತದ್ದು ಸೋವಿಯತ್ ಮತ್ತು ಕ್ಯೂಬಾ ಮಾತ್ರ.

ನಿಜ ಏನಂದರೆ, ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಕೆನಡಿ ಕಡೆಯವರು ಗುಟ್ಟಾಗಿ ಮಾತು ಕೊಟ್ಟಿದ್ದರು. 1963ರ ಏಪ್ರಿಲ್ ಹೊತ್ತಿಗೆ ತೆಗೆದರೂ ಕೂಡ. ಆ ಕೊಡುಕೊಳ್ಳುವಿಕೆ ವರ್ಷಗಟ್ಟಲೆ ಹೊರಗೆ ಬರಲಿಲ್ಲ. ವಾಲ್ಟ್‌ಮನ್ ಸುಳ್ಳು ಬರೆಯಲಿಲ್ಲ. ಗುಟ್ಟು ಅವರಿಗೆ ಸಿಗಲು ದಾರಿಯೇ ಇರಲಿಲ್ಲ. ಅವರು ಎಸ್ಟೋನಿಯಾದವರು, ಸೋವಿಯತ್ ಆಕ್ರಮಣದಿಂದ ತಪ್ಪಿಸಿಕೊಂಡು ಬಂದವರು ಅನ್ನುವುದೂ ಗೊತ್ತಿರಲಿ. ಕ್ರುಶ್ಚೇವ್ ಬಗ್ಗೆ ಅವರ ಗೆರೆ ಯಾಕೆ ಅಷ್ಟು ಕಟುವಾಗಿದೆ ಅಂತ ಅರ್ಥವಾಗುತ್ತದೆ. ಚಿತ್ರದ ಜೊತೆಗೆ ತಾರೀಕು, ಪತ್ರಿಕೆ, ಬರೆದವರ ಹಿನ್ನೆಲೆ, ಈ ಮೂರನ್ನು ಕೇಳದೆ ಸಾಕ್ಷಿ ಅಂತ ಒಪ್ಪಬಾರದು.

ಇಷ್ಟೆಲ್ಲ ಬರೆದು ಏನಾದ್ರೂ ಬದಲಾಯ್ತಾ?

1962ರ ನವೆಂಬರ್ 1ರಂದು ಹರ್ಬ್ಲಾಕ್ ಒಂದು ಚಿತ್ರ ಬರೆದರು. ಕೆನಡಿ, ಕ್ರುಶ್ಚೇವ್ ಇಬ್ಬರೂ ಸೇರಿ ಒಂದು ಪೆಟ್ಟಿಗೆಯ ಮುಚ್ಚಳ ಅದುಮಿ ಹಿಡಿದಿದ್ದಾರೆ. ಒಳಗಿನಿಂದ ಅಣುಯುದ್ಧ ಎಂಬ ಭೂತ ಎದ್ದು ಬರುತ್ತಿದೆ. ‘ಇದಕ್ಕೊಂದು ಬೀಗ ಹಾಕೋಣ’ ಎಂದು ಅಡಿಬರಹ. 1963ರ ಜೂನ್‌ನಲ್ಲಿ ನೇರ ಸಂಪರ್ಕದ ಒಪ್ಪಂದ ಆಯಿತು, ಆಗಸ್ಟ್‌ನಲ್ಲಿ ವಾತಾವರಣ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಕಾರ್ಟೂನ್ ನೋಡಿ ಸಹಿ ಹಾಕಿದರು ಅಂತ ಹೇಳಿದರೆ ಅದು ಅತಿಯಾಯಿತು. ಒಪ್ಪಂದಕ್ಕೆ ವಿಜ್ಞಾನಿಗಳು, ರಾಯಭಾರಿಗಳು, ಬೀದಿಗಿಳಿದ ತಾಯಂದಿರು, ಎಲ್ಲರೂ ಕಾರಣ. ಆದರೆ ಶತ್ರುಗಳಿಬ್ಬರು ಒಂದೇ ಮುಚ್ಚಳ ಒತ್ತುವುದನ್ನು ಜನರ ಕಣ್ಣಿಗೆ ತಂದದ್ದು ಆ ಚಿತ್ರ. ನನ್ನ ಪ್ರಕಾರ ಅದು ಸಣ್ಣ ಕೆಲಸವಲ್ಲ. ಪಂಜಕುಸ್ತಿಗಿಂತ ಇದನ್ನು ನಾನು ಒಂದು ಮೆಟ್ಟಿಲು ಮೇಲೆ ಇಡುತ್ತೇನೆ.

ಈಗ ಚೀನಾನೂ ಇದೆ, ಬಾಂಬ್ ಇರೋ ದೇಶ ಒಂಬತ್ತು. ಹಳೇ ಕಾರ್ಟೂನ್ ಈಗಲೂ ಹೊಂದುತ್ತಾ?

ಅರ್ಧ ಹೊಂದುತ್ತವೆ. ಪಂಜಕುಸ್ತಿ, ಚದುರಂಗ, ತಕ್ಕಡಿ, ಇವೆಲ್ಲ ಇಬ್ಬರ ಆಟ. ಮೂವರು ಬಂದ ಕೂಡಲೇ ಚಿತ್ರವೇ ಕೆಡುತ್ತದೆ. ಸಂಖ್ಯೆಯಲ್ಲೂ ಬದಲಾವಣೆ ಇದೆ. 1986ರ ಸುಮಾರಿಗೆ ಲೋಕದಲ್ಲಿ ಹತ್ತಿರ ಹತ್ತಿರ 70,000 ಸಿಡಿತಲೆಗಳಿದ್ದವು, ಈಗ ಸುಮಾರು 12,000. ಇದು ನಿಜಕ್ಕೂ ದೊಡ್ಡ ಇಳಿಕೆ. ಆದರೆ 1987ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಸಹಿ ಹಾಕಿದ ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ 2019ರಲ್ಲಿ ಮುರಿದುಬಿತ್ತು. ಕೆಡದೆ ಉಳಿದಿರುವುದು ಗೋಲ್ಡ್‌ಬರ್ಗ್ ಅವರ ಚಿತ್ರ. ಅದರಲ್ಲಿ ಆಟಗಾರರೇ ಇಲ್ಲವಾದ್ದರಿಂದ ಎಷ್ಟು ದೇಶ ಸೇರಿದರೂ ಅದಕ್ಕೆ ತೊಂದರೆಯಿಲ್ಲ.

ಕ್ಲಾಸಲ್ಲಿ ತೋರಿಸಬೇಕು. ಎಲ್ಲಿ ಸಿಗುತ್ತೆ, ಹೇಗೆ ತೋರಿಸಲಿ?

ಹರ್ಬ್ಲಾಕ್ ಅವರ 14,000ಕ್ಕೂ ಹೆಚ್ಚು ಮೂಲ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಅನೇಕವನ್ನು ಅಂತರಜಾಲದಲ್ಲೇ ನೋಡಬಹುದು. ಇಲಿಂಗ್‌ವರ್ತ್ ಚಿತ್ರಗಳು ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಗುತ್ತವೆ. ಬ್ರಿಟನ್ನಿನ ಉಳಿದವರಿಗೆ ಕೆಂಟ್ ವಿಶ್ವವಿದ್ಯಾಲಯದ ಕಾರ್ಟೂನ್ ಸಂಗ್ರಹ ಇದೆ. ಬೆಂಗಳೂರಿನವರಾದರೆ ಮಕ್ಕಳನ್ನು ಎಂ.ಜಿ. ರಸ್ತೆ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಕರೆದುಕೊಂಡು ಹೋಗಿ. ಅಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ.

ತೋರಿಸುವಾಗ ಮೊದಲು ಅಡಿಬರಹ ಮುಚ್ಚಿ. ಚಿತ್ರದಲ್ಲಿ ಏನೇನಿದೆ ಅಂತ ಸುಮ್ನೆ ಪಟ್ಟಿ ಮಾಡಿಸಿ. ಅರ್ಥ ಹೇಳಿಸಲು ಅವಸರ ಬೇಡ. ಆಮೇಲೆ ತಾರೀಕು ಹೇಳಿ, ಆ ವಾರ ಏನಾಗಿತ್ತು ಅಂತ ಅವರೇ ಹುಡುಕಲಿ. ಅಡಿಬರಹವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ. ನಂತರ ಖಾಲಿ ಹಾಳೆ ಕೊಟ್ಟು, ಅದೇ ಚಿತ್ರದಲ್ಲಿ ತಮ್ಮ ಮನೆಯವರನ್ನು ಎಲ್ಲಿ ಕೂರಿಸುತ್ತಾರೆ ಅಂತ ಬರೆಯಲು ಹೇಳಿ. ಇದಕ್ಕೆ ಒಂದು ಪೀರಿಯಡ್ ಸಾಲುವುದಿಲ್ಲ, ಎರಡು ಇಟ್ಟುಕೊಳ್ಳಿ.